ಇಂಗ್ಲೆಂಡಿನ ಪಟ್ಟ ಯಾರಿಗೆ? ವಂಶವೃಕ್ಷ ಬರೆದು ಸರದಿ ಕಂಡುಕೊಳ್ಳುವ ಬಗೆ

ಮನೆಯ ಹಿರಿಯರು ತೀರಿಕೊಂಡ ಮೇಲೆ ಜಮೀನಿನ ಪೌತಿ ಖಾತೆಗಾಗಿ ನಾಡಕಚೇರಿಗೆ ಓಡಾಡಿದವರಿಗೆಲ್ಲ ವಂಶವೃಕ್ಷ ಎಂದರೇನೆಂದು ಬೇರೆ ಹೇಳಬೇಕಾಗಿಲ್ಲ. ತೀರಿಕೊಂಡವರ ಹೆಸರು ಮೇಲೆ ಬರುತ್ತದೆ, ಮಕ್ಕಳ ಹೆಸರುಗಳು ಅದರ ಕೆಳಗೆ ಸಾಲಾಗಿ ಬರುತ್ತವೆ, ಮಕ್ಕಳಲ್ಲಿ ಯಾರಾದರೂ ಮೊದಲೇ ಹೋಗಿಬಿಟ್ಟಿದ್ದರೆ ಆ ಹೆಸರಿನ ಪಕ್ಕದಲ್ಲಿ 'ಮರಣ' ಎಂದು ಬರೆದು ಅವರ ಮಕ್ಕಳನ್ನು ಇನ್ನೊಂದು ಸಾಲು ಕೆಳಗೆ ತೋರಿಸುತ್ತಾರೆ. ಚಿತ್ರದುರ್ಗದಲ್ಲಿ ಪದವಿಪೂರ್ವ ತರಗತಿಗಳಿಗೆ ಇತಿಹಾಸ ಹೇಳಿಕೊಡುವ ನಾನು ಇಂಗ್ಲೆಂಡಿನ ಸಿಂಹಾಸನದ ಉತ್ತರಾಧಿಕಾರವನ್ನು ಕಲಿಸುವಾಗ ಈ ಹಾಳೆಯಿಂದಲೇ ಪ್ರಾರಂಭಿಸುತ್ತೇನೆ. ಹೊಳಲ್ಕೆರೆ, ಚಳ್ಳಕೆರೆ, ಜಗಳೂರು ಕಡೆಯಿಂದ ಬರುವ ರೈತರ ಮಕ್ಕಳು ಹೆನ್ರಿ, ಎಡ್ವರ್ಡ್, ಜಾರ್ಜ್ ಎಂಬ ಹೆಸರುಗಳನ್ನು ಸಂಖ್ಯೆಸಹಿತ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಕಲಸಿಬಿಡುವುದನ್ನು ಹಲವು ವರ್ಷ ನೋಡಿದ ಮೇಲೆ, ಅವರಿಗೆ ಮನೆಯಲ್ಲೇ ಪರಿಚಯವಿರುವ ಈ ಕಾಗದವೇ ಒಳ್ಳೆಯ ದಾರಿ ಎಂದು ನನಗೆ ಖಚಿತವಾಗಿದೆ.

ಮೊದಲು ಒಂದು ವ್ಯತ್ಯಾಸವನ್ನು ಮನಸ್ಸಿಗೆ ತಂದುಕೊಳ್ಳಬೇಕು. ನಮ್ಮ ಜಮೀನು ಪಾಲಾಗುತ್ತದೆ, ಪಟ್ಟ ಪಾಲಾಗುವುದಿಲ್ಲ. ನಾಲ್ಕು ಮಕ್ಕಳಿದ್ದರೆ ನಾಲ್ಕು ಎಕರೆಯನ್ನು ನಾಲ್ವರಿಗೂ ಹಂಚಬಹುದು. ಕಿರೀಟ ಮಾತ್ರ ಒಬ್ಬರ ತಲೆಯ ಮೇಲೆಯೇ ಕೂರಬೇಕು. ಆದ್ದರಿಂದ ನಾಡಕಚೇರಿಯ ವಂಶವೃಕ್ಷದಲ್ಲಿ ಯಾರು ಯಾರಿದ್ದಾರೆ ಎಂಬುದು ಮುಖ್ಯವಾದರೆ, ಇಲ್ಲಿ ಯಾರ ನಂತರ ಯಾರು ಎಂಬ ಸರದಿಯೇ ಎಲ್ಲಕ್ಕಿಂತ ಮುಖ್ಯ.

ಒಂದು ದೊಡ್ಡ ಡ್ರಾಯಿಂಗ್ ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಂಡು ಪೆನ್ಸಿಲಿನಲ್ಲಿ ಬರೆಯಿರಿ. ಕಾನೂನಿನ ಪ್ರಕಾರ ಮರದ ತುತ್ತತುದಿಯಲ್ಲಿ ಬರಬೇಕಾದ ಹೆಸರು ಹ್ಯಾನೋವರಿನ ಸೋಫಿಯಾಳದು. ಇವಳು ಒಂದನೇ ಜೇಮ್ಸ್ ದೊರೆಯ ಮೊಮ್ಮಗಳು. 1701ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಒಂದು ಕಾಯ್ದೆ ಮಾಡಿ, ಆಗಿನ ರಾಜವಂಶದಲ್ಲಿ ಮುಂದೆ ಮಕ್ಕಳಿಲ್ಲದೆ ಹೋದರೆ ಪಟ್ಟವು ಸೋಫಿಯಾಳಿಗೂ ಅವಳ ಸಂತತಿಯಲ್ಲಿ ಪ್ರಾಟೆಸ್ಟೆಂಟರಾದವರಿಗೂ ಸೇರಬೇಕೆಂದು ಗೊತ್ತುಮಾಡಿತು. ರಕ್ತಸಂಬಂಧದ ಲೆಕ್ಕದಲ್ಲಿ ಅವಳಿಗಿಂತ ಮುಂದಿದ್ದ 50ಕ್ಕೂ ಹೆಚ್ಚು ಮಂದಿ ಕ್ಯಾಥೊಲಿಕರಾಗಿದ್ದ ಕಾರಣ ಹಿಂದೆ ಸರಿಯಬೇಕಾಯಿತು. ಸೋಫಿಯಾ 1714ರ ಜೂನ್ 8ರಂದು ತೀರಿಕೊಂಡಳು, ಆಗ ಆಳುತ್ತಿದ್ದ ಆ್ಯನ್ ರಾಣಿ ಅದೇ ವರ್ಷ ಆಗಸ್ಟ್ 1ರಂದು. ಸುಮಾರು ಎರಡು ತಿಂಗಳ ಅಂತರದಲ್ಲಿ ಸೋಫಿಯಾಳಿಗೆ ತಪ್ಪಿದ ಪಟ್ಟ ಅವಳ ಮಗ ಒಂದನೇ ಜಾರ್ಜಿಗೆ ಬಂತು. ಅವಳಿಂದ ಇಂದಿನವರೆಗೆ ಬರೆಯಲು ಗೋಡೆಯಷ್ಟು ದೊಡ್ಡ ಕಾಗದ ಬೇಕಾಗುವುದರಿಂದ, ಅಭ್ಯಾಸಕ್ಕೆ ರಾಣಿ ಎರಡನೇ ಎಲಿಜಬೆತ್ ಅವರ ಹೆಸರನ್ನು ಮೇಲೆ ಬರೆದುಕೊಂಡರೆ ಸಾಕು. ಸೋಫಿಯಾಳ ಹೆಸರನ್ನು ಹಾಳೆಯ ಮೂಲೆಯಲ್ಲಿ ಗುರುತು ಹಾಕಿಟ್ಟಿರಿ. ಈ ಹಕ್ಕಿಗೆ ಹುಟ್ಟಿನಷ್ಟೇ ಪಾರ್ಲಿಮೆಂಟಿನ ಕಾನೂನೂ ಆಧಾರ ಎಂಬುದನ್ನು ಅದು ನೆನಪಿಸುತ್ತಿರುತ್ತದೆ.

ಎಲಿಜಬೆತ್ ಅವರಿಗೆ ನಾಲ್ವರು ಮಕ್ಕಳು: 1948ರಲ್ಲಿ ಹುಟ್ಟಿದ ಚಾರ್ಲ್ಸ್, 1950ರಲ್ಲಿ ಹುಟ್ಟಿದ ಆ್ಯನ್, 1960ರಲ್ಲಿ ಹುಟ್ಟಿದ ಆಂಡ್ರ್ಯೂ, 1964ರಲ್ಲಿ ಹುಟ್ಟಿದ ಎಡ್ವರ್ಡ್. ಇವರನ್ನು ಎಡದಿಂದ ಬಲಕ್ಕೆ ಬರೆಯುವಾಗ ಹುಟ್ಟಿದ ಕ್ರಮದಲ್ಲಿ ಬರೆಯಬೇಡಿ. ಹಳೆಯ ನಿಯಮದ ಪ್ರಕಾರ ಅಣ್ಣತಮ್ಮಂದಿರೆಲ್ಲ ಮುಗಿದ ಮೇಲೆ ಅಕ್ಕತಂಗಿಯರ ಸರದಿ ಬರುವುದರಿಂದ ಚಾರ್ಲ್ಸ್, ಆಂಡ್ರ್ಯೂ, ಎಡ್ವರ್ಡ್ ಎಂದು ಬರೆದು ಕೊನೆಯಲ್ಲಿ ಆ್ಯನ್ ಹೆಸರನ್ನು ಇಡಬೇಕು. 2022ರ ಸೆಪ್ಟೆಂಬರಿನಲ್ಲಿ ರಾಣಿ ನಿಧನರಾದ ಮರುದಿನ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, "ಸರ್, ಇಬ್ಬರು ತಮ್ಮಂದಿರಿಗಿಂತ ದೊಡ್ಡವರಾದ ಆ್ಯನ್ ಅವರು ಪಟ್ಟಿಯಲ್ಲಿ ಅಷ್ಟು ಕೆಳಗೆ ಏಕಿದ್ದಾರೆ?" ಎಂದು ಕೇಳಿದಳು. ಅವಳ ಪ್ರಶ್ನೆಗೆ ಪೂರ್ತಿ ಉತ್ತರ ಹೇಳಬೇಕೆಂಬುದೂ ಈ ಬರಹಕ್ಕೆ ಒಂದು ಕಾರಣ.

ಇನ್ನು ಸರದಿ ಎಣಿಸುವ ಕ್ರಮ. ಎಡತುದಿಯ ಕವಲಿನ ಮೇಲೆ ಬೆರಳಿಟ್ಟು ಕೆಳಕ್ಕೆ ಇಳಿಯಿರಿ. ಆ ಕವಲಿನ ಕಟ್ಟಕಡೆಯ ಎಲೆಯವರೆಗೂ ಎಣಿಸಿ ಮುಗಿಸಿದ ಮೇಲೆಯೇ ಪಕ್ಕದ ಕವಲಿಗೆ ಕೈ ಹಾಕಿರಿ. ಚಾರ್ಲ್ಸ್ ಅವರು ಈಗ ದೊರೆಯಾಗಿರುವುದರಿಂದ ಅವರನ್ನು ಬಿಟ್ಟು ಎಣಿಸಿದರೆ ಹಿರಿಯ ಮಗ ವಿಲಿಯಂ ಮೊದಲನೆಯವರು. ಎರಡನೆಯವರು ಯಾರೆಂದು ಕೇಳಿದರೆ ತರಗತಿಯ ಅರ್ಧದಷ್ಟು ಮಕ್ಕಳು ವಿಲಿಯಂ ಅವರ ತಮ್ಮ ಹ್ಯಾರಿ ಎನ್ನುತ್ತಾರೆ. ಅದು ತಪ್ಪು. ವಿಲಿಯಂ ಅವರ ಕವಲು ಇನ್ನೂ ಮುಗಿದಿಲ್ಲ. ಅವರ ಮಕ್ಕಳಾದ ಜಾರ್ಜ್, ಶಾರ್ಲೆಟ್, ಲೂಯಿ ಕ್ರಮವಾಗಿ ಎರಡು, ಮೂರು, ನಾಲ್ಕನೆಯವರಾದ ಮೇಲೆ ಹ್ಯಾರಿ ಐದನೆಯವರಾಗುತ್ತಾರೆ. ಅವರ ಮಕ್ಕಳಾದ ಆರ್ಚಿ, ಲಿಲಿಬೆಟ್ ಆರು ಮತ್ತು ಏಳನೆಯವರು. ಅಲ್ಲಿಗೆ ಚಾರ್ಲ್ಸ್ ಅವರ ಕವಲು ಪೂರ್ತಿಯಾಗಿ, ಬೆರಳು ಮತ್ತೆ ಮೇಲೆ ಹೋಗಿ ಆಂಡ್ರ್ಯೂ ಅವರ ಕವಲಿಗೆ ಇಳಿಯುತ್ತದೆ. ಆ ಕವಲಿನ ಇಬ್ಬರು ಹೆಣ್ಣುಮಕ್ಕಳನ್ನೂ ಅವರ ಮಕ್ಕಳನ್ನೂ, ಆಮೇಲೆ ಎಡ್ವರ್ಡ್ ಅವರನ್ನೂ ಅವರ ಇಬ್ಬರು ಮಕ್ಕಳನ್ನೂ ಎಣಿಸಿ ಮುಗಿಸುವ ಹೊತ್ತಿಗೆ, ನಾನು ಬರೆದಿಟ್ಟಿರುವ ಹಾಳೆಯ ಪ್ರಕಾರ, ಆ್ಯನ್ ಅವರ ಸಂಖ್ಯೆ 18 ಆಗುತ್ತದೆ. ಹೊಸ ಮಗುವೊಂದು ಹುಟ್ಟಿದರೆ ಅದರ ಹಿಂದಿರುವವರ ಸಂಖ್ಯೆಗಳೆಲ್ಲ ಒಂದೊಂದು ಸರಿಯುತ್ತವೆ. ಪೆನ್ಸಿಲಿನಲ್ಲಿ ಬರೆಯಿರಿ ಎಂದದ್ದು ಅದಕ್ಕಾಗಿಯೇ.

ತೊಟ್ಟಿಲಿನಲ್ಲಿರುವ ಮಗು ಬೆಳೆದು ನಿಂತ ಚಿಕ್ಕಪ್ಪನಿಗಿಂತ ಮುಂದೆ ಬರುತ್ತದೆ ಎಂಬ ಈ ನಿಯಮ ಇಂಗ್ಲೆಂಡಿನಲ್ಲಿ ಮೊದಲಿನಿಂದಲೂ ಇದ್ದದ್ದಲ್ಲ. 1199ರಲ್ಲಿ ಒಂದನೇ ರಿಚರ್ಡ್ ಮಕ್ಕಳಿಲ್ಲದೆ ಸತ್ತಾಗ, ಅವನ ನಂತರ ಹುಟ್ಟಿ ಆಗಲೇ ತೀರಿಹೋಗಿದ್ದ ತಮ್ಮ ಜೆಫ್ರಿಯ ಮಗ ಆರ್ಥರ್ ಒಂದು ಕಡೆ ಇದ್ದ, ಎಲ್ಲರಿಗಿಂತ ಕಿರಿಯ ತಮ್ಮ ಜಾನ್ ಇನ್ನೊಂದು ಕಡೆ ಇದ್ದ. ನಮ್ಮ ಹಾಳೆಯ ಉತ್ತರ ಆರ್ಥರ್. ಪಟ್ಟಕ್ಕೆ ಬಂದವನು ಜಾನ್. ಮುಂದೆ 1377ರಲ್ಲಿ ಮೂರನೇ ಎಡ್ವರ್ಡ್ ಸತ್ತಾಗ ಅವನ ಹಿರಿಯ ಮಗ ಹಿಂದಿನ ವರ್ಷವೇ ತೀರಿಕೊಂಡಿದ್ದ. ಆಗ ವಯಸ್ಸಿಗೆ ಬಂದ ಪ್ರಬಲರಾದ ಚಿಕ್ಕಪ್ಪಂದಿರಿದ್ದರೂ 10 ವರ್ಷದ ಮೊಮ್ಮಗ ಎರಡನೇ ರಿಚರ್ಡನೇ ದೊರೆಯಾದ. ಹಿರಿಯ ಮಗ ಸತ್ತರೂ ಅವನ ಸ್ಥಾನದಲ್ಲಿ ಅವನ ಸಂತತಿ ನಿಲ್ಲುತ್ತದೆ ಎಂಬ ತತ್ವ ಆ ಹೊತ್ತಿಗೆ ಗಟ್ಟಿಯಾಗಿತ್ತು. ತೀರಿಹೋದ ಅಣ್ಣನ ಪಾಲನ್ನು ಅವನ ಮಕ್ಕಳಿಗೆ ಬಿಟ್ಟುಕೊಡಬೇಕೆಂದು ಊರ ಹಿರಿಯರು ಜಗಲಿಯ ಮೇಲೆ ಕುಳಿತು ತೀರ್ಮಾನಿಸುವುದನ್ನು ಕಂಡವರಿಗೆ ಈ ತತ್ವ ಹೊಸದೆನಿಸುವುದಿಲ್ಲ.

ಹಾಳೆಯ ಉತ್ತರವೂ ನಡೆದ ಇತಿಹಾಸವೂ ಬೇರೆಯಾದ ಕಡೆ ಹೆಚ್ಚು ಹೊತ್ತು ನಿಲ್ಲಬೇಕೆಂಬುದು ನನ್ನ ಸಲಹೆ, ಏಕೆಂದರೆ ಕಲಿಯುವಂಥದ್ದು ಇರುವುದು ಅಲ್ಲಿಯೇ. 1399ರಲ್ಲಿ ಎರಡನೇ ರಿಚರ್ಡನನ್ನು ಕೆಳಗಿಳಿಸಿದ ಹೆನ್ರಿ, ಮೂರನೇ ಎಡ್ವರ್ಡನ ಮಗ ಜಾನ್ ಆಫ್ ಗಾಂಟನ ಕವಲಿನವನು. ಆದರೆ ಜಾನನಿಗಿಂತ ಹಿರಿಯನಾದ ಲಯೊನೆಲ್ಲನಿಗೆ ಮಗಳೊಬ್ಬಳಿದ್ದು, ಅವಳ ಮೂಲಕ ಬಂದ ಎಡ್ಮಂಡ್ ಮಾರ್ಟಿಮರ್ ಎಂಬ 7 ವರ್ಷದ ಹುಡುಗ ಆಗ ಬದುಕಿದ್ದ. ಬೆರಳಿಟ್ಟು ಎಣಿಸಿದರೆ ಪಟ್ಟ ಆ ಹುಡುಗನಿಗೆ ಬರಬೇಕು. ಸೈನ್ಯವಿದ್ದ ಹೆನ್ರಿಗೆ ಬಂತು. ಆಗ ಮುಚ್ಚಿಹೋದ ಲಯೊನೆಲ್ಲನ ಕವಲಿನ ಹಕ್ಕನ್ನೇ ಎರಡು ತಲೆಮಾರಿನ ನಂತರ ಯಾರ್ಕ್ ಮನೆತನದವರು ಎತ್ತಿ ಹಿಡಿದರು, 1461ರಲ್ಲಿ ನಾಲ್ಕನೇ ಎಡ್ವರ್ಡ್ ಆ ಹಕ್ಕಿನ ಮೇಲೆ ದೊರೆಯಾದ. ಹೆನ್ರಿಯ ವಂಶದವರಿಗೂ ಯಾರ್ಕ್ ಮನೆತನದವರಿಗೂ ನಡೆದ ಗುಲಾಬಿ ಯುದ್ಧಗಳ ಬಗ್ಗೆ ಎಷ್ಟು ಪುಟ ಓದಿದರೂ ಹಿಡಿತಕ್ಕೆ ಸಿಗದ ಜಗಳದ ಮೂಲ ಈ ಮೂರು ಕವಲುಗಳನ್ನು ಬರೆದ ಹತ್ತು ನಿಮಿಷದಲ್ಲಿ ಕಣ್ಣೆದುರಿಗೆ ಬರುತ್ತದೆ. ನಮ್ಮ ದುರ್ಗದ ಪಾಳೆಯಗಾರರ ಕಾಲದಲ್ಲಿ ದಳವಾಯಿ ಮುದ್ದಣ್ಣ ಪಟ್ಟದ ವಿಚಾರದಲ್ಲಿ ನಡೆಸಿದ ದರ್ಬಾರನ್ನು ಕೇಳಿ ಬೆಳೆದ ಮಕ್ಕಳಿಗೆ, ನಾಲ್ಕನೇ ಎಡ್ವರ್ಡನನ್ನು ಪಟ್ಟಕ್ಕೆ ತರಲು ನೆರವಾಗಿ 1470ರಲ್ಲಿ ಅವನನ್ನೇ ಓಡಿಸಿ ಆರನೇ ಹೆನ್ರಿಯನ್ನು ಮತ್ತೆ ಕೂರಿಸಿದ ವಾರಿಕ್ ಪ್ರಭುವಿನ ಕಥೆ ಬೇಗ ಅರ್ಥವಾಗುತ್ತದೆ.

ನಿಯಮ ಚಾಚೂ ತಪ್ಪದೆ ನಡೆದ ಉದಾಹರಣೆ ಬೇಕೆಂದರೆ ಮೂರನೇ ಜಾರ್ಜನ ಮನೆಯನ್ನು ಬರೆಯಿರಿ. ಎರಡನೆಯ ಹಾಳೆ ತೆಗೆದುಕೊಳ್ಳಿ, ಏಕೆಂದರೆ ಅವನಿಗೆ 15 ಮಕ್ಕಳು, ಅವರಲ್ಲಿ 9 ಮಂದಿ ಗಂಡುಮಕ್ಕಳು. ಹಿರಿಯ ಮಗ ನಾಲ್ಕನೇ ಜಾರ್ಜನಿಗೆ ಇದ್ದ ಒಬ್ಬಳೇ ಮಗಳು ಶಾರ್ಲೆಟ್ 1817ರ ನವೆಂಬರಿನಲ್ಲಿ ಹೆರಿಗೆಯಲ್ಲಿ ತೀರಿಕೊಂಡಳು, ಮಗುವೂ ಉಳಿಯಲಿಲ್ಲ. ಅಷ್ಟು ದೊಡ್ಡ ಸಂಸಾರದಲ್ಲಿ ಪಟ್ಟಕ್ಕೆ ಬರಬಲ್ಲ ಮೊಮ್ಮಕ್ಕಳು ಯಾರೂ ಇಲ್ಲದಂತಾಗಿ, ನಡುವಯಸ್ಸು ದಾಟುತ್ತಿದ್ದ ಗಂಡುಮಕ್ಕಳು ಅವಸರದಲ್ಲಿ ಮದುವೆಯಾದರು. ನಾಲ್ಕನೇ ಮಗ ಎಡ್ವರ್ಡನಿಗೆ 1819ರ ಮೇ 24ರಂದು ಹುಟ್ಟಿದ ಮಗಳೇ ವಿಕ್ಟೋರಿಯಾ. ಮರುವರ್ಷ ಜನವರಿಯಲ್ಲಿ ಎಡ್ವರ್ಡ್ ತೀರಿಕೊಂಡ. ಹಾಳೆಯಲ್ಲಿ ಅವನ ಹೆಸರಿನ ಪಕ್ಕದಲ್ಲಿ 'ಮರಣ' ಎಂದು ಬರೆದು ಕವಲನ್ನು ಹಾಗೆಯೇ ಉಳಿಸಿಕೊಳ್ಳಿ. ಎರಡನೇ ಮಗ ಫ್ರೆಡರಿಕ್ 1827ರಲ್ಲಿ ಮಕ್ಕಳಿಲ್ಲದೆ ಸತ್ತ. 1830ರಲ್ಲಿ ನಾಲ್ಕನೇ ಜಾರ್ಜ್ ಸತ್ತ ಮೇಲೆ ಮೂರನೇ ಮಗ ನಾಲ್ಕನೇ ವಿಲಿಯಂ ದೊರೆಯಾದ, 1837ರ ಜೂನ್ 20ರಂದು ಅವನೂ ಬದುಕುಳಿದ ಔರಸ ಮಕ್ಕಳಿಲ್ಲದೆ ತೀರಿಕೊಂಡ. ಐದನೆಯ ಮಗ ಅರ್ನೆಸ್ಟ್ ಆಗ ಬದುಕಿದ್ದ, ಗಂಡಸಾಗಿದ್ದ, ವಯಸ್ಸಿನಲ್ಲೂ ಹಿರಿಯ. ಆದರೂ ನಾಲ್ಕನೆಯವನ ಕವಲು ಇನ್ನೂ ಹಸಿರಾಗಿದ್ದ ಕಾರಣ 18 ವರ್ಷದ ವಿಕ್ಟೋರಿಯಾ ರಾಣಿಯಾದಳು. ಇದೇ ದೊರೆಯ ಇನ್ನೊಂದು ರಾಜ್ಯವಾದ ಹ್ಯಾನೋವರಿನಲ್ಲಿ ಗಂಡು ಕವಲು ಇರುವಾಗ ಹೆಣ್ಣಿಗೆ ಪಟ್ಟವಿರಲಿಲ್ಲ. ಅಲ್ಲಿ ಅರ್ನೆಸ್ಟ್ ದೊರೆಯಾದ. ಹಾಳೆ ಒಂದೇ ಆದರೂ ನಿಯಮ ಎರಡಾದ್ದರಿಂದ 1714ರಿಂದ ಕೂಡಿದ್ದ ಎರಡು ಕಿರೀಟಗಳು ಬೇರೆಯಾದವು.

ಈಗ ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. 2011ರ ಅಕ್ಟೋಬರ್ 28ರಂದು ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ, ಬ್ರಿಟಿಷ್ ದೊರೆಯನ್ನೇ ತಮ್ಮ ದೊರೆಯೆಂದು ಒಪ್ಪಿಕೊಂಡಿದ್ದ 16 ದೇಶಗಳ ಸರ್ಕಾರಗಳು ಗಂಡುಮಕ್ಕಳಿಗೆ ಮೊದಲ ಮಣೆ ಹಾಕುವ ಪದ್ಧತಿಯನ್ನು ಬಿಡಲು ಒಪ್ಪಿದವು. ಅದರಂತೆ 2013ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟಿನಲ್ಲಿ ಆದ ಕಾಯ್ದೆಯ ಈ ಭಾಗ, ಉಳಿದ ದೇಶಗಳ ಒಪ್ಪಿಗೆಯೂ ಕೂಡಿದ ಮೇಲೆ, 2015ರ ಮಾರ್ಚ್ 26ರಂದು ಜಾರಿಗೆ ಬಂತು. ಆದರೆ ಅದು ಅನ್ವಯಿಸುವುದು 2011ರ ಅಕ್ಟೋಬರ್ 28ರ ನಂತರ ಹುಟ್ಟಿದವರಿಗೆ ಮಾತ್ರ: ಆ ದಿನದ ನಂತರ ಹುಟ್ಟಿದ ಗಂಡುಮಗು ತನ್ನ ಅಕ್ಕನನ್ನು ಹಿಂದೆ ಹಾಕಲಾರದು. ಆದ್ದರಿಂದ 2015ರಲ್ಲಿ ಹುಟ್ಟಿದ ಶಾರ್ಲೆಟ್ 2018ರಲ್ಲಿ ತಮ್ಮ ಲೂಯಿ ಹುಟ್ಟಿದ ಮೇಲೂ ತನ್ನ ಸ್ಥಾನದಲ್ಲೇ ಉಳಿದಳು. ಎಡ್ವರ್ಡ್ ಅವರ ಮನೆಯಲ್ಲಿ 2003ರಲ್ಲಿ ಹುಟ್ಟಿದ ಮಗಳು ಲೂಯಿಸ್, 2007ರಲ್ಲಿ ಹುಟ್ಟಿದ ತಮ್ಮ ಜೇಮ್ಸ್‌ನ ಹಿಂದೆಯೇ ಇದ್ದಾಳೆ. ಆ್ಯನ್ ಅವರ ಸ್ಥಿತಿಯೂ ಅದೇ. ಗ್ಲಾಸ್ಟರ್ ಡ್ಯೂಕ್ ಅವರ ಮೊಮ್ಮಕ್ಕಳಲ್ಲಿ ಮಾತ್ರ, ತಮ್ಮ 2012ರಲ್ಲಿ ಹುಟ್ಟಿದವನಾದ್ದರಿಂದ, 2010ರಲ್ಲಿ ಹುಟ್ಟಿದ ಅಕ್ಕ ಕಾಯ್ದೆ ಜಾರಿಯಾದ ದಿನ ಅವನನ್ನು ದಾಟಿ ಮುಂದೆ ಬಂದಳು. ಹಾಗಾಗಿ ಹಾಳೆಯಲ್ಲಿ ಪ್ರತಿಯೊಂದು ಹೆಸರಿನ ಕೆಳಗೂ ಹುಟ್ಟಿದ ದಿನಾಂಕವನ್ನು ತಪ್ಪದೆ ಬರೆಯಬೇಕು. ನಮ್ಮಲ್ಲಿ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಂತೆಯೇ ಹುಟ್ಟಿನಿಂದ ಹಕ್ಕು ಬಂದದ್ದನ್ನು ಬಲ್ಲ ನನ್ನ ವಿದ್ಯಾರ್ಥಿನಿಯರು, ಅಷ್ಟು ಹಳೆಯ ಪಾರ್ಲಿಮೆಂಟು ಈ ವಿಷಯದಲ್ಲಿ ನಮಗಿಂತ ತಡವಾಗಿ ಎಚ್ಚೆತ್ತಿತು ಎಂದು ಹೇಳಿದಾಗ ನನಗೆ ನಿಜವಾಗಿಯೂ ಹೆಮ್ಮೆಯಾಯಿತು.

ಮರ ಪೂರ್ತಿಯಾದ ಮೇಲೆ ಕೆಂಪು ಶಾಯಿಯ ಕೆಲಸ. ಸೊಸೆ ಅಳಿಯಂದಿರನ್ನು ಎಣಿಸಬಾರದು. ರಾಣಿಯ ಪತಿ ಎಂಬ ಕಾರಣಕ್ಕೆ ಫಿಲಿಪ್ ಅವರಿಗೆ ಸರದಿಯಲ್ಲಿ ಸ್ಥಾನ ಸಿಗಲಿಲ್ಲ, ಇಂದಿನ ರಾಣಿ ಕಮಿಲ್ಲಾ ಅವರಿಗೂ ದೊರೆಯ ಪತ್ನಿಯಾಗಿ ಸಂಖ್ಯೆಯಿಲ್ಲ. ವಿವಾಹದ ಹೊರಗೆ ಹುಟ್ಟಿದವರಿಗೆ ಹಕ್ಕಿಲ್ಲ. ಎರಡನೇ ಚಾರ್ಲ್ಸನ ಅಂಥ ಮಗನಾದ ಮಾನ್ಮತ್ 1685ರಲ್ಲಿ ದಂಗೆಯೆದ್ದು ತಲೆ ಕಳೆದುಕೊಂಡ. ಕ್ಯಾಥೊಲಿಕರಾದವರ ಹೆಸರಿಗೂ ಗೆರೆ ಎಳೆಯಬೇಕು, ಆದರೆ ಕವಲನ್ನು ಕತ್ತರಿಸಬಾರದು. ಕಾನೂನು ಅವರನ್ನು ತೀರಿಹೋದವರಂತೆ ಭಾವಿಸಿ ಅವರ ಪ್ರಾಟೆಸ್ಟೆಂಟ್ ಮಕ್ಕಳಿಗೆ ಸರದಿ ಕೊಡುತ್ತದೆ. ಕ್ಯಾಥೊಲಿಕರನ್ನು ಮದುವೆಯಾದವರಿಗೂ ಇದ್ದ ಅನರ್ಹತೆ 2015ರಲ್ಲಿ ಹೋಯಿತು, ಇದರಿಂದ 1978ರಲ್ಲಿ ಸ್ಥಾನ ಕಳೆದುಕೊಂಡಿದ್ದ ಕೆಂಟಿನ ರಾಜಕುಮಾರ ಮೈಕೆಲ್ ಮತ್ತೆ ಪಟ್ಟಿಗೆ ಬಂದರು. ಈಗ ಮದುವೆಗೆ ದೊರೆಯ ಒಪ್ಪಿಗೆ ಬೇಕಾಗಿರುವುದು ಸರದಿಯಲ್ಲಿ ಮೊದಲ ಆರು ಮಂದಿಗೆ ಮಾತ್ರ.

ದತ್ತು ಮಕ್ಕಳಿಗೂ ಆ ಸಿಂಹಾಸನದಲ್ಲಿ ಜಾಗವಿಲ್ಲ ಎಂದಾಗ ನಮ್ಮ ಕಡೆಯವರಿಗೆ ಬೆರಗಾಗುತ್ತದೆ, ಏಕೆಂದರೆ ನಮ್ಮ ರಾಜಮನೆತನಗಳು ಉಳಿದು ಬಂದದ್ದೇ ಎಷ್ಟೋ ಸಲ ದತ್ತಿನಿಂದ. ನಮ್ಮ ದುರ್ಗವೂ ಸೇರಿದ್ದ ಮೈಸೂರು ಸಂಸ್ಥಾನದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ವಿಕ್ಟೋರಿಯಾ ರಾಣಿಯ ಸರ್ಕಾರ 1867ರಲ್ಲಿ ಅದನ್ನು ಮಾನ್ಯ ಮಾಡಿತು, 1881ರಲ್ಲಿ ರಾಜ್ಯವನ್ನು ಚಾಮರಾಜೇಂದ್ರರಿಗೆ ಒಪ್ಪಿಸಿತು. ನಮ್ಮ ಶಾಸ್ತ್ರದಲ್ಲಿ ವಿಧಿಪೂರ್ವಕ ದತ್ತು ಬಂದ ಮಗ ಸ್ವಂತ ಮಗನೇ ಆಗುತ್ತಾನೆ. ಇಂಗ್ಲೆಂಡಿನ ಕಿರೀಟ ರಕ್ತದ ಗೆರೆಯನ್ನು ಮಾತ್ರ ನೋಡುತ್ತದೆ. ಈ ಎರಡು ದೃಷ್ಟಿಗಳ ನಡುವಿನ ದೂರ ಗೊತ್ತಿದ್ದರೆ, ಡಾಲ್‌ಹೌಸಿಯ ಕಾಲದಲ್ಲಿ ದತ್ತಕವನ್ನು ಒಪ್ಪದೆ ಝಾನ್ಸಿಯಂಥ ಸಂಸ್ಥಾನಗಳನ್ನು ಕಸಿದುಕೊಂಡಾಗ ನಮ್ಮವರಿಗೆ ಆದ ನೋವು ಎಂಥದೆಂದು ತಿಳಿಯುತ್ತದೆ.

ಅರಮನೆಯ ಕೆಲಸಗಳಿಂದ ದೂರ ಸರಿದರೆ ಅಥವಾ ಬಿರುದು ಕಳೆದುಕೊಂಡರೆ ಸರದಿ ತಾನಾಗಿ ತಪ್ಪುವುದಿಲ್ಲ. 2020ರಲ್ಲಿ ಕರ್ತವ್ಯಗಳನ್ನು ಬಿಟ್ಟು ಹೊರಟ ಹ್ಯಾರಿ ಐದನೆಯವರಾಗಿಯೇ ಇರುವುದು ಇದರಿಂದಲೇ. ದೊರೆ ತಾನಾಗಿ ಪಟ್ಟ ಬಿಡುವುದಕ್ಕೂ ಕಾನೂನು ಬೇಕು: ಎಂಟನೇ ಎಡ್ವರ್ಡ್ 1936ರ ಡಿಸೆಂಬರ್ 10ರಂದು ತ್ಯಾಗಪತ್ರಕ್ಕೆ ಸಹಿ ಹಾಕಿದರೂ ಅದು ಊರ್ಜಿತವಾದದ್ದು ಮರುದಿನ ಪಾರ್ಲಿಮೆಂಟಿನ ಕಾಯ್ದೆಯಿಂದ, ಅವನಿಗೆ ಮುಂದೆ ಮಕ್ಕಳಾದರೆ ಅವರಿಗೂ ಹಕ್ಕಿಲ್ಲವೆಂದು ಅದರಲ್ಲೇ ಬರೆಯಲಾಗಿತ್ತು.

ಮೊದಲನೆಯ ಹೆಸರಿನ ಕೆಳಗೆ ಎಳೆಯುವ ಗೆರೆಯಲ್ಲೂ ಎರಡು ಬಗೆ ಮಾಡಿಕೊಳ್ಳಿ. ದೊರೆಗೆ ಇನ್ನು ಎಷ್ಟು ಮಕ್ಕಳಾದರೂ ಸ್ಥಾನ ಅಲುಗದಂಥವರು, ಉದಾಹರಣೆಗೆ ಇಂದಿನ ವಿಲಿಯಂ, ನಿಶ್ಚಿತ ಉತ್ತರಾಧಿಕಾರಿ. ಇವರಿಗೆ ಜೋಡಿ ಗೆರೆ. ಹೊಸ ಹುಟ್ಟಿನಿಂದ ಹಿಂದೆ ಸರಿಯಬಹುದಾದವರು ಸಂಭಾವ್ಯ ಉತ್ತರಾಧಿಕಾರಿ. ಇವರಿಗೆ ಒಂಟಿ ಗೆರೆ. ಆರನೇ ಜಾರ್ಜನ ಹಿರಿಯ ಮಗಳಾದ ಎಲಿಜಬೆತ್ 1936ರಿಂದ 1952ರವರೆಗೆ ಒಂಟಿ ಗೆರೆಯವರಾಗಿಯೇ ಇದ್ದರು, ಏಕೆಂದರೆ ತಮ್ಮನೊಬ್ಬ ಹುಟ್ಟಿದ್ದರೆ ಅವನೇ ಮುಂದಾಗುತ್ತಿದ್ದ. 1837ರಲ್ಲಿ ವಿಕ್ಟೋರಿಯಾಳನ್ನು ರಾಣಿಯೆಂದು ಸಾರಿದ ಘೋಷಣೆಯಲ್ಲಿಯೂ, ಸತ್ತ ದೊರೆಯ ವಿಧವೆಗೆ ಮಗುವೇನಾದರೂ ಹುಟ್ಟಿದರೆ ಅದರ ಹಕ್ಕಿಗೆ ಧಕ್ಕೆಯಿಲ್ಲ ಎಂಬ ಮಾತನ್ನು ಸೇರಿಸಿದ್ದರು.

ದಿನಾಂಕ ಬರೆಯುವಾಗ ಪಟ್ಟಕ್ಕೆ ಬಂದ ದಿನವನ್ನೂ ಪಟ್ಟಾಭಿಷೇಕದ ದಿನವನ್ನೂ ಬೆರೆಸಬೇಡಿ. ಒಬ್ಬರ ಉಸಿರು ನಿಂತ ಕ್ಷಣವೇ ಮುಂದಿನವರು ದೊರೆ. ನಡುವೆ ಸಿಂಹಾಸನ ಖಾಲಿ ಇರುವುದಿಲ್ಲ. ಎಲಿಜಬೆತ್ ಅವರು 1952ರ ಫೆಬ್ರವರಿ 6ರಂದು ರಾಣಿಯಾದಾಗ ಕೀನ್ಯಾ ದೇಶದ ಪ್ರವಾಸದಲ್ಲಿದ್ದರು, ಪಟ್ಟಾಭಿಷೇಕವಾದದ್ದು 1953ರ ಜೂನ್ 2ರಂದು. ಚಾರ್ಲ್ಸ್ ಅವರು 2022ರ ಸೆಪ್ಟೆಂಬರ್ 8ರಂದು ದೊರೆಯಾದರು, ಕಿರೀಟ ಧರಿಸಿದ್ದು 2023ರ ಮೇ 6ರಂದು. ಪಟ್ಟಾಭಿಷೇಕವೇ ಆಗದೆ ದೊರೆಯಾಗಿದ್ದವರಲ್ಲಿ ಎಂಟನೇ ಎಡ್ವರ್ಡ್ ಒಬ್ಬ. ಪಟ್ಟಕ್ಕೆ ಬಂದವರಿಗೆ 18 ತುಂಬಿರದಿದ್ದರೆ 1937ರ ಕಾಯ್ದೆಯಂತೆ ಸರದಿಯಲ್ಲಿ ಮುಂದಿರುವ ಅರ್ಹ ವಯಸ್ಕರು ರಾಜಪ್ರತಿನಿಧಿಯಾಗುತ್ತಾರೆ.

ಕೈ ಕೂರುವುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಐದನೇ ಜಾರ್ಜ್ ದೊರೆಯಾಗಿದ್ದಾನೆ. ಅವನ ಬದುಕಿರುವ ಮಕ್ಕಳು 1894ರಲ್ಲಿ ಹುಟ್ಟಿದ ಎಡ್ವರ್ಡ್, 1895ರ ಆಲ್ಬರ್ಟ್, 1897ರ ಮೇರಿ, 1900ರ ಹೆನ್ರಿ, 1902ರ ಜಾರ್ಜ್. ಎಡ್ವರ್ಡನಿಗೆ ಮದುವೆಯಾಗಿಲ್ಲ. 1926ರ ಏಪ್ರಿಲ್ 21ರಂದು ಆಲ್ಬರ್ಟನಿಗೆ ಎಲಿಜಬೆತ್ ಎಂಬ ಮಗಳು ಹುಟ್ಟುತ್ತಾಳೆ. ಅಂದಿನ ನಿಯಮದಂತೆ ಮೇರಿಯನ್ನು ಬಲತುದಿಗೆ ಸರಿಸಿ, ಕವಲು ಕವಲಾಗಿ ಬೆರಳಿಟ್ಟು ಎಣಿಸಿ, ಆ ಕೂಸಿನ ಸಂಖ್ಯೆಯನ್ನೂ ಹೆನ್ರಿಯ ಸಂಖ್ಯೆಯನ್ನೂ ಬರೆಯಿರಿ. ಕೂಸಿಗೆ ಮೂರು, ಹೆನ್ರಿಗೆ ನಾಲ್ಕು ಬಂದಿದ್ದರೆ ನಿಮ್ಮ ಹಾಳೆ ಸರಿಯಾಗಿದೆ.